ಎಂಎಸ್ಸಿ ಸೈಕಾಲಜಿ ಆದ್ಮೇಲೆ ನೇರ ಪಿಎಚ್‌ಡಿ ಮಾಡಿದ್ರೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗ್ತೀವಾ?

ಗಂಗೋತ್ರಿ_ಕ್ಯಾಂಟೀನ್
ಎಂಎಸ್ಸಿ ಸೈಕಾಲಜಿ ಕೊನೇ ಸೆಮಿಸ್ಟರ್. ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡೋ ಆಸೆ. ಎಂಫಿಲ್ ನಿಂತೋಗ್ತಿದೆ ಅಂತಾರೆ. ಹಂಗಾದ್ರೆ ನೇರ ಪಿಎಚ್‌ಡಿ ಸೇರ್ಕೊಂಡ್ರೆ ಆಯ್ತಲ್ವಾ, ಹೆಸರಿನ ಮುಂದೆ ಡಾಕ್ಟರ್ ಅಂತಾನೂ ಬರುತ್ತೆ ಅಂತ ಕ್ಲಾಸಲ್ಲಿ ಅರ್ಧ ಜನ. ಇನ್ನರ್ಧ ಜನ ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಅಂತಿದಾರೆ. ಮೈಸೂರು ಮಂಡ್ಯ ಬಿಟ್ಟು ದೂರ ಕಳಿಸೋಕೆ ಮನೇಲಿ ಒಪ್ಪಲ್ಲ. ಪಿಎಚ್‌ಡಿಗೆ ಟಾಪಿಕ್ಕೂ ಮನಸ್ಸಲ್ಲಿದೆ: ಮಂಡ್ಯ ಜಿಲ್ಲೆಯ ರೈತ ಕುಟುಂಬಗಳಲ್ಲಿ ಖಿನ್ನತೆ, ಅದಕ್ಕೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋಕೆ ನೆರವಾಗೋ ಮಾತಿನ ಚಿಕಿತ್ಸೆ) ಕೊಟ್ಟು ನೋಡೋದು. ಗೊತ್ತಿರೋರು ಬಿಡಿಸಿ ಹೇಳಿ ಪ್ಲೀಸ್.

ಸಕ್ಕರೆನಾಡು_ಸೀನ
ಸೇರ್ಕೊಳಿ ಮೇಡಂ. ಮಂಡ್ಯದಲ್ಲಿ ಡಾಕ್ಟರ್ ಅಂತ ಬೋರ್ಡ್ ಇದ್ರೆ ಸಾಕು, ಯಾವ ಡಾಕ್ಟರ್ ಅಂತ ಯಾರೂ ಕೇಳಕ್ಕಿಲ್ಲ.

ಕುಕ್ಕರಹಳ್ಳಿ_ವಾಕರ್
ಸೀನ ಹೇಳಿದ ಹಾಗೆ ಮಾಡಿದ್ರೆ ತೊಂದರೆಗೆ ಸಿಕ್ಕೋತೀಯಮ್ಮ. ಪಿಎಚ್‌ಡಿ ಸಂಶೋಧನೆಯ ಪದವಿ, ಚಿಕಿತ್ಸೆ ಮಾಡೋ ಪರವಾನಗಿ ಅಲ್ಲ. ರಸ್ತೆ ಅಪಘಾತದ ಮೇಲೆ ಥೀಸಿಸ್ ಬರೆದವರಿಗೆ ಆರ್‌ಟಿಒ ಡ್ರೈವಿಂಗ್ ಲೈಸೆನ್ಸ್ ಕೊಡುತ್ತಾ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಸೆಕ್ಷನ್ 2(1)(ಜಿ) ತೆಗೆದು ಓದು. ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಅನ್ನೋದಕ್ಕೆ ಅಲ್ಲಿರೋದು ಎರಡು ದಾರಿ. ಒಂದು, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಒಪ್ಪಿದ ಸಂಸ್ಥೆಯಿಂದ ಕ್ಲಿನಿಕಲ್ ಸೈಕಾಲಜಿಯಲ್ಲಿ ಮಾನ್ಯ ಅರ್ಹತೆ. ಇನ್ನೊಂದು, ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್. ಅದರಲ್ಲಿ ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ ಇರಬೇಕು, ಯುಜಿಸಿ ಮತ್ತು ಆರ್‌ಸಿಐ ಎರಡರ ಮಾನ್ಯತೆಯೂ ಇರಬೇಕು. ಬರೀ ಪಿಎಚ್‌ಡಿ ಸಾಕು ಅನ್ನೋ ಮಾತು ಎಲ್ಲೂ ಇಲ್ಲ.

ಅದಾದ ಮೇಲೆ ಆರ್‌ಸಿಐ ಕೇಂದ್ರ ಪುನರ್ವಸತಿ ರಿಜಿಸ್ಟರ್‌ನಲ್ಲಿ ಹೆಸರು ಸೇರಬೇಕು. ರಿಜಿಸ್ಟರ್‌ನಲ್ಲಿ ಇಲ್ಲದೆ ಪ್ರಾಕ್ಟೀಸ್ ಮಾಡಿದ್ರೆ 1992ರ ಆರ್‌ಸಿಐ ಕಾಯ್ದೆಯ ಸೆಕ್ಷನ್ 13ರಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲಾ 1000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ.

ಸಕ್ಕರೆನಾಡು_ಸೀನ
ಸಾವಿರ ರೂಪಾಯಾ? ಮದ್ದೂರಲ್ಲಿ ಹೆಲ್ಮೆಟ್ ಇಲ್ದೆ ಎರಡು ಸಲ ಸಿಕ್ಕಾಕೊಂಡಂಗೆ.

ಕುಕ್ಕರಹಳ್ಳಿ_ವಾಕರ್
ದಂಡ ಸಣ್ಣದೇ, ನಿಜ. ಆದರೆ ನೀನು ಬರೆದುಕೊಟ್ಟ ವರದಿ ಕೋರ್ಟಲ್ಲಿ, ಅಂಗವಿಕಲತೆ ಬೋರ್ಡಲ್ಲಿ, ಇನ್ಶೂರೆನ್ಸ್‌ನಲ್ಲಿ ಎಲ್ಲೂ ನಿಲ್ಲಲ್ಲ. ನಷ್ಟ ರೋಗಿಗೆ.

ಮಿಡ್ಲ್_ಬೆಂಚ್
ಒಂದು ತಿದ್ದುಪಡಿ. ಕೌನ್ಸೆಲಿಂಗ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕ್ಕೊಂಡು ಕೌನ್ಸೆಲಿಂಗ್ ಮಾಡೋರೆಲ್ಲ ಕಾನೂನು ಮುರಿತಿದಾರೆ ಅಂತ ಯಾರೂ ಅಂದ್ಕೋಬೇಡಿ. ಆರ್‌ಸಿಐ ಹಿಡಿತ ಇರೋದು ಕ್ಲಿನಿಕಲ್ ಅನ್ನೋ ವರ್ಗದ ಮೇಲೆ. ಉಳಿದ ಸೈಕಾಲಜಿಸ್ಟ್‌ಗಳು 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ಪಟ್ಟಿಯಲ್ಲಿ, ಬಿಹೇವಿಯರಲ್ ಹೆಲ್ತ್ ಅನ್ನೋ ತಲೆಬರಹದಡಿ ಬರ್ತಾರೆ.

ಗಂಗೋತ್ರಿ_ಕ್ಯಾಂಟೀನ್
ಎಂಫಿಲ್ ಬಾಗಿಲು ಮುಚ್ಚಿದೆ ಅಂದ್ರೆ ಆ ಎರಡನೇ ದಾರಿಗೆ ಏನರ್ಥ ಸಾರ್?

ಮಿಡ್ಲ್_ಬೆಂಚ್
ಯುಜಿಸಿ 2022ರ ನವೆಂಬರ್‌ನಲ್ಲಿ ಪಿಎಚ್‌ಡಿ ನಿಯಮ ಹೊಸದಾಗಿ ತಂದಾಗಲೇ ಎಂಫಿಲ್ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್, ಈ ಎರಡಕ್ಕೆ ಮಾತ್ರ 2025-26ರ ಪ್ರವೇಶದವರೆಗೆ ಅವಕಾಶ ಅಂತ 2024ರ ಜನವರಿಯಲ್ಲಿ ನೋಟಿಸ್ ಬಂತು. ಈಗಾಗಲೇ ಮಾಡಿರೋರ ಎಂಫಿಲ್‌ಗೆ ಏನೂ ಆಗಲ್ಲ. ಇನ್ಮೇಲೆ ಸೇರೋರಿಗೆ ಆರ್‌ಸಿಐ ಒಪ್ಪಿರೋ ಎಂಎ ಕ್ಲಿನಿಕಲ್ ಸೈಕಾಲಜಿ, ಮತ್ತೆ ಸೈ.ಡಿ. ಇವು ಕಾಯ್ದೆಯ ಮೊದಲನೇ ದಾರಿಗೆ ಬರುತ್ತವೆ.

ಹುಷಾರು ಬೇಕಾದ್ದು ಇಲ್ಲಿ. ನೀವು ಈಗ ಓದ್ತಿರೋ ಮಾಮೂಲಿ ಎಂಎಸ್ಸಿ ಸೈಕಾಲಜಿ ಬೇರೆ, ಆರ್‌ಸಿಐ ಪಠ್ಯಕ್ರಮದ ಎಂಎ ಕ್ಲಿನಿಕಲ್ ಸೈಕಾಲಜಿ ಬೇರೆ. ಅಂಕಪಟ್ಟಿಯಲ್ಲಿ 'ಸ್ಪೆಷಲೈಸೇಶನ್: ಕ್ಲಿನಿಕಲ್' ಅಂತ ಅಚ್ಚಾಗಿದ್ರೂ ಆರ್‌ಸಿಐಗೆ ಅದು ಲೆಕ್ಕಕ್ಕಿಲ್ಲ. ಎಷ್ಟೋ ಖಾಸಗಿ ಕಾಲೇಜುಗಳ ಜಾಹೀರಾತು ನಡೆಯೋದೇ ಈ ಗೊಂದಲದ ಮೇಲೆ.

ಓಪಿಡಿ_ಬೆಂಚು
ಫೀಸ್ ಕಟ್ಟೋ ಮುಂಚೆ ಆರ್‌ಸಿಐ ವೆಬ್‌ಸೈಟಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ತೆಗೀರಿ. ಸಂಸ್ಥೆಯ ಹೆಸರು ಇದ್ದರೆ ಸಾಲದು. ಆ ಕೋರ್ಸ್, ಆ ಶೈಕ್ಷಣಿಕ ವರ್ಷ, ಎಷ್ಟು ಸೀಟು, ಮೂರೂ ನೋಡಿ. ಮಾನ್ಯತೆ ಅವಧಿಗೆ ಕೊಡ್ತಾರೆ, ಮುಗಿಯುತ್ತೆ, ನವೀಕರಣ ತಡ ಆಗುತ್ತೆ. 'ಅಪ್ಲೈ ಮಾಡಿದೀವಿ, ಬರುತ್ತೆ' ಅಂದ್ರೆ ಬಂದಮೇಲೆ ಸೇರ್ತೀನಿ ಅನ್ನಿ.

ಇನ್ನು ಆ ಎರಡು ವರ್ಷದ ಕ್ಲಿನಿಕಲ್ ತರಬೇತಿಯಲ್ಲಿ ಏನಿದೆ, ಪಿಎಚ್‌ಡಿಯಲ್ಲಿ ಏನಿಲ್ಲ ಅನ್ನೋದು. ಬೆಳಿಗ್ಗೆ ಓಪಿಡಿಯಲ್ಲಿ ಕೇಸ್ ಹಂಚ್ತಾರೆ. ರೋಗಿ ಹತ್ರ, ಜೊತೆಗೆ ಬಂದೋರ ಹತ್ರ ಬೇರೆ ಬೇರೆ ಕೂತು ಹಿಸ್ಟರಿ ತಗೋಬೇಕು, ಮೆಂಟಲ್ ಸ್ಟೇಟಸ್ ಪರೀಕ್ಷೆ ಬರೀಬೇಕು. ಎರಡು ಕಡೆಯ ಮಾತು ಹೊಂದಲ್ಲ, ಯಾಕೆ ಹೊಂದಲ್ಲ ಅಂತ ಫಾರ್ಮುಲೇಶನ್‌ನಲ್ಲಿ (ಸಮಸ್ಯೆ ಹೇಗೆ ಬಂತು ಅನ್ನೋ ವಿವರಣೆ) ಹೇಳಬೇಕು. ಆಮೇಲೆ ಕನ್ಸಲ್ಟೆಂಟ್ ಎದುರು ನಿಂತು ಪ್ರೆಸೆಂಟ್ ಮಾಡಬೇಕು. 'ಅಫೆಕ್ಟ್ ರೆಸ್ಟ್ರಿಕ್ಟೆಡ್ (ಭಾವನೆ ಹೊರಗೆ ಕಮ್ಮಿ ಕಾಣುತ್ತೆ) ಅಂತ ಬರೆದಿದೀಯ, ಏನು ನೋಡಿ ಬರೆದೆ?' ಅಂತ ಕೇಳಿದ್ರೆ ಉತ್ತರ ಬೇಕು. ಥೆರಪಿ ಸೆಷನ್ ಒಪ್ಪಿಗೆ ತಗೊಂಡು ರೆಕಾರ್ಡ್ ಮಾಡಿ ಸೂಪರ್‌ವೈಸರ್ ಜೊತೆ ಕೂತು ಕೇಳ್ತಾರೆ, ಎಲ್ಲಿ ರೋಗಿಯ ಮಾತು ತುಂಡು ಮಾಡಿದೆ, ಎಲ್ಲಿ ಅವಸರದಲ್ಲಿ ಸಲಹೆ ಕೊಟ್ಟೆ ಅಂತ ನಿಲ್ಲಿಸಿ ನಿಲ್ಲಿಸಿ. ಪೂರ್ತಿ ಸೈಕೋಡಯಾಗ್ನಾಸ್ಟಿಕ್ ವರದಿಗಳು, ನ್ಯೂರೋಸೈಕಾಲಜಿ ಪರೀಕ್ಷೆ, ಎರಡನೇ ಭಾಗದಲ್ಲಿ ಡಿಸರ್ಟೇಶನ್. ಪಿಎಚ್‌ಡಿ ಕೋರ್ಸ್‌ವರ್ಕಲ್ಲಿ ಇದು ಯಾವುದೂ ಬರಲ್ಲ, ಬರಬೇಕು ಅಂತಾನೂ ಇಲ್ಲ.

ಸಕ್ಕರೆನಾಡು_ಸೀನ
ಹಂಗಾದ್ರೆ ಪಿಎಚ್‌ಡಿ ದಂಡ ಅನ್ನಿ.

ಪಿ_ವ್ಯಾಲ್ಯೂ_ಪುಟ್ಟ
ದಂಡ ಯಾಕಾಗುತ್ತೆ? ಕಾಲೇಜಲ್ಲಿ ಪಾಠ ಮಾಡೋಕೆ, ಮುಂದೆ ಗೈಡ್ ಆಗೋಕೆ, ಪ್ರಾಜೆಕ್ಟ್ ನಡೆಸೋಕೆ ಅದೇ ಬೇಕು. ಹಿಂದುಮುಂದಾಗಬಾರದು ಅಷ್ಟೇ, ಮೊದಲು ತರಬೇತಿ, ಆಮೇಲೆ ಪಿಎಚ್‌ಡಿ. ಸೈ.ಡಿ. ಎರಡನ್ನೂ ಒಟ್ಟಿಗೆ ಕಟ್ಟಿರೋ ಪದವಿ, ಆದರೆ ತೂಕ ಚಿಕಿತ್ಸೆ ಕಡೆಗೆ. ಅಮೆರಿಕದಲ್ಲಿ 1949ರ ಬೌಲ್ಡರ್ ಸಮ್ಮೇಳನ ಸಂಶೋಧಕನೂ ಚಿಕಿತ್ಸಕನೂ ಒಬ್ಬನೇ ಆಗಿರಬೇಕು ಅಂತ ಪಿಎಚ್‌ಡಿ ಮಾದರಿ ಹಾಕಿಕೊಟ್ಟಿತು. 1973ರಲ್ಲಿ ವೇಲ್ ಸಮ್ಮೇಳನ ಚಿಕಿತ್ಸೆಗೆ ಒತ್ತು ಕೊಟ್ಟು ಸೈ.ಡಿ.ಗೆ ದಾರಿ ಮಾಡಿತು. ಅಲ್ಲಿ ಕ್ಲಿನಿಕಲ್ ಪಿಎಚ್‌ಡಿ ಒಳಗೇ ಒಂದು ವರ್ಷದ ಇಂಟರ್ನ್‌ಶಿಪ್ ಇರುತ್ತೆ. ಯೂಟ್ಯೂಬಲ್ಲಿ ಅವರ ವಿಡಿಯೋ ನೋಡಿ ಇಲ್ಲಿನ ಪಿಎಚ್‌ಡಿನೂ ಹಂಗೇ ಅಂದ್ಕೊಳ್ಳೋದರಿಂದ ಈ ಥರ ಪ್ರಶ್ನೆ ಹುಟ್ಟೋದು.

ಗಂಗೋತ್ರಿ_ಕ್ಯಾಂಟೀನ್
ಸರಿ, ತರಬೇತಿ ಆದ್ಮೇಲೆ ಪಿಎಚ್‌ಡಿ ಅಂತಾನೇ ಇಟ್ಕೊಳ್ಳೋಣ. ಎಷ್ಟು ವರ್ಷ? ಕೆಲಸ ಮಾಡ್ಕೊಂಡು ಆಗುತ್ತಾ?

ಮಿಡ್ಲ್_ಬೆಂಚ್
ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದ್ರೆ ಇನ್ನು 2. ಹೆಣ್ಣುಮಕ್ಕಳಿಗೆ, ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರೋರಿಗೆ ಅದರ ಮೇಲೂ 2 ವರ್ಷ ಸಡಿಲಿಕೆ. ಹೆರಿಗೆ, ಮಗು ಆರೈಕೆಗೆ 240 ದಿನದವರೆಗೆ ರಜೆ. ಪಾರ್ಟ್‌ಟೈಮ್ ಆಗುತ್ತೆ, ಕೆಲಸದ ಕಡೆಯಿಂದ ಎನ್‌ಒಸಿ ಬೇಕು. ದೂರಶಿಕ್ಷಣ, ಆನ್‌ಲೈನ್ ಪಿಎಚ್‌ಡಿ ನಡೆಯಲ್ಲ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿ ಮುಂದೆ ಪ್ರಗತಿ ತೋರಿಸಬೇಕು.

ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡೋ ಫೆಲೋಶಿಪ್) ಸಿಕ್ಕಿದ್ರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. 2024ರಿಂದ ನೆಟ್‌ನಲ್ಲಿ 'ಪಿಎಚ್‌ಡಿಗೆ ಮಾತ್ರ' ಅನ್ನೋ ಮೂರನೇ ವರ್ಗವೂ ಇದೆ, ಅದರಲ್ಲಿ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30.

ಗೈಡ್ ಹುಡುಕುವಾಗ ಪ್ರಬಂಧಗಳ ಸಂಖ್ಯೆಗಿಂತ ಮೊದಲು ನಿವೃತ್ತಿ ದಿನಾಂಕ ನೋಡಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದವರು ಹೊಸ ವಿದ್ಯಾರ್ಥಿ ತಗೊಳ್ಳೋಹಾಗಿಲ್ಲ. ಸೀಟಿಗೂ ಮಿತಿ ಇದೆ: ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4.

ಪಿ_ವ್ಯಾಲ್ಯೂ_ಪುಟ್ಟ
ಟಾಪಿಕ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ, ಅಸಲಿ ಕಷ್ಟ ಅಲ್ಲೇ ಇರೋದು. ಸಿಬಿಟಿ ಕೊಟ್ಟ ಗುಂಪು, ಮಾಮೂಲಿ ಚಿಕಿತ್ಸೆಯ ಗುಂಪು, ಹೋಲಿಕೆ ಅಂತ ಇಟ್ಕೊಳ್ಳಿ. ಮಧ್ಯಮ ಪರಿಣಾಮ (ಡಿ = 0.5), ಆಲ್ಫಾ (ಇಲ್ಲದ ವ್ಯತ್ಯಾಸ ಇದೆ ಅನ್ನೋ ತಪ್ಪಿಗೆ ಬಿಡೋ ಮಿತಿ) 0.05, ಪವರ್ (ಇರೋ ವ್ಯತ್ಯಾಸ ಹಿಡಿಯೋ ಸಾಧ್ಯತೆ) ಶೇ 80 ಅಂದ್ರೆ ಗುಂಪಿಗೆ 64 ಜನ ಬೇಕು. ಶೇ 20 ಜನ ನಡುವೆ ಬಿಟ್ಟು ಹೋಗ್ತಾರೆ ಅಂತ ಲೆಕ್ಕ ಹಾಕಿದ್ರೆ 64ನ್ನು 0.8ರಿಂದ ಭಾಗಿಸಿ: 80. ಎರಡು ಗುಂಪಿಗೆ 160.

ಈಗ ಥೆರಪಿ ಗಂಟೆ. 80 ಜನಕ್ಕೆ ತಲಾ 12 ಸೆಷನ್ ಅಂದ್ರೆ 960 ಸೆಷನ್. ದಿನಕ್ಕೆ 5, ವಾರಕ್ಕೆ 4 ದಿನ ಕೂತರೂ 48 ವಾರ. ರೋಗಿ ಒಬ್ಬರೂ ತಪ್ಪಿಸ್ಕೊಳ್ಳದೆ, ನೀವು ಒಂದಿನವೂ ರಜೆ ಹಾಕದೆ. ಅದಾದ ಮೇಲೆ ಕೊನೇ ಬ್ಯಾಚಿಗೆ 6 ತಿಂಗಳ ಫಾಲೋಅಪ್. ಸಿನಾಪ್ಸಿಸ್ (ಸಂಶೋಧನೆಯ ಯೋಜನೆ) ಬರೆಯುವಾಗ ಈ ಲೆಕ್ಕ ಹಾಕದೇ ಇದ್ದೋರೇ ನಾಲ್ಕನೇ ವರ್ಷದಲ್ಲಿ 'ಮಾದರಿ 30ಕ್ಕೆ ಇಳಿಸ್ತೀವಿ' ಅಂತ ಸಮಿತಿ ಮುಂದೆ ಅರ್ಜಿ ಹಿಡ್ಕೊಂಡು ನಿಲ್ಲೋದು.

ಓಪಿಡಿ_ಬೆಂಚು
ಅದಕ್ಕಿಂತ ದೊಡ್ಡ ಪ್ರಶ್ನೆ, ಆ 960 ಸೆಷನ್ ಕೊಡೋರು ಯಾರು? ತರಬೇತಿ ಇಲ್ಲದೋರು ಕೊಟ್ರೆ ಪರೀಕ್ಷೆ ಆಗಿದ್ದು ಸಿಬಿಟಿನೇ ಅಂತ ಹೇಳೋಕಾಗಲ್ಲ. ಫಲಿತಾಂಶ ಶೂನ್ಯ ಬಂದ್ರೆ ತಪ್ಪು ಚಿಕಿತ್ಸೆಯದೋ ಚಿಕಿತ್ಸಕರದೋ? ಅದಕ್ಕೇ ರೆಕಾರ್ಡಿಂಗ್‌ಗಳಲ್ಲಿ ಒಂದಷ್ಟನ್ನ ಯಾದೃಚ್ಛಿಕವಾಗಿ ಆರಿಸಿ, ಅಧ್ಯಯನಕ್ಕೆ ಸಂಬಂಧ ಇಲ್ಲದ ಹಿರಿಯರಿಂದ ಕಾಗ್ನಿಟಿವ್ ಥೆರಪಿ ರೇಟಿಂಗ್ ಸ್ಕೇಲ್ ಹಾಕಿಸ್ತಾರೆ. 11 ಅಂಶ, ಒಂದೊಂದಕ್ಕೂ 0ಯಿಂದ 6, ಒಟ್ಟು 66. ಸಾಮಾನ್ಯವಾಗಿ 40 ಬಂದ್ರೆ ಪಾಸು ಅಂತ ಹಿಡೀತಾರೆ. ಎಂಎಸ್ಸಿ ಮುಗಿಸಿ ನೇರ ಬಂದೋರಿಗೆ ಆ 40 ಮುಟ್ಟೋದೇ ಕಷ್ಟ. ಆಸ್ಪತ್ರೆ ಎಥಿಕ್ಸ್ ಕಮಿಟಿ ಮೊದಲು ಕೇಳೋದೂ ಇದನ್ನೇ.

ಮಿಡ್ಲ್_ಬೆಂಚ್
ಎಥಿಕ್ಸ್ ಮಾತು ಬಂತಲ್ಲ. ವಿಶ್ವವಿದ್ಯಾಲಯದ ಕಮಿಟಿ ಒಪ್ಪಿಗೆ ಇದ್ರೆ ಆಸ್ಪತ್ರೆಯದು ಬೇಡ ಅಂದ್ಕೋಬೇಡಿ. ರೋಗಿ ಎಲ್ಲಿರ್ತಾರೋ ಅಲ್ಲಿನ ಕಮಿಟಿಯೂ ನೋಡಬೇಕು. ಚಿಕಿತ್ಸೆ ಕೊಟ್ಟು ನೋಡೋ ಅಧ್ಯಯನ ಆದ್ದರಿಂದ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿ) ನೋಂದಣಿಯೂ ಬೇಕು. 2018ರ ಏಪ್ರಿಲ್ 1ರಿಂದ ಅವರು ಮುಂಚಿತ ನೋಂದಣಿ ಮಾತ್ರ ತಗೊಳ್ತಾರೆ. ಮೊದಲ ರೋಗಿ ಸೇರಿದ ಮೇಲೆ ಹೋದ್ರೆ ಬಾಗಿಲು ಮುಚ್ಚಿದ ಹಾಗೇ, ಆಮೇಲೆ ಒಳ್ಳೇ ಜರ್ನಲ್ ಒಂದೂ ಮುಟ್ಟಲ್ಲ.

ಪಿ_ವ್ಯಾಲ್ಯೂ_ಪುಟ್ಟ
ಗುಂಪು ಹಂಚೋದೂ ನೋಡ್ಕೊಳಿ. ಓಪಿಡಿ ಚೀಟಿ ನಂಬರ್ ಸರಿಸಂಖ್ಯೆ ಆದ್ರೆ ಸಿಬಿಟಿ, ಬೆಸ ಆದ್ರೆ ಮಾಮೂಲಿ, ಇದು ರ‍್ಯಾಂಡಮ್ ಅಲ್ಲ. ಚೀಟಿ ನೋಡಿದ ತಕ್ಷಣ ಯಾವ ಗುಂಪು ಅಂತ ಗೊತ್ತಾಗುತ್ತೆ, ಪಾಪ ಅನ್ಸಿದೋರನ್ನ ಸಿಬಿಟಿಗೆ ತಳ್ಳೋ ಆಸೆ ಬರುತ್ತೆ. ಪಟ್ಟಿ ಬೇರೆಯವರು ಮಾಡಿ, ಒಳಗಿರೋದು ಕಾಣದ ಕವರಲ್ಲಿ ಕ್ರಮಸಂಖ್ಯೆ ಹಾಕಿ ಮುಚ್ಚಿಡಬೇಕು. ರೋಗಿ ಒಪ್ಪಿಗೆ ಸಹಿ ಮಾಡಿದ ಮೇಲೇ ಕವರ್ ಒಡೀಬೇಕು.

ಸಕ್ಕರೆನಾಡು_ಸೀನ
ಪುಟ್ಟಣ್ಣ, ನಿಮ್ಮ ಶೇ 20 ಮಂಡ್ಯಕ್ಕೆ ಸಾಲಕ್ಕಿಲ್ಲ ಬುಡಿ. ಕಬ್ಬು ಕಟಾವು ಶುರುವಾದ್ರೆ ಗಂಡಸ್ರು ಯಾವ ಸೆಷನ್ನಿಗೂ ಬರಕ್ಕಿಲ್ಲ. ಕಾರ್ಖಾನೆಯಿಂದ ಕಟಾವಿಗೆ ಪರ್ಮಿಟ್ ಬಂತು ಅಂದ್ರೆ ಆಳು, ಗಾಡಿ ಹುಡ್ಕೋದೇ ಕೆಲ್ಸ, ಡಾಕ್ಟ್ರು ಗುರುವಾರ ಬಾ ಅಂದಿದ್ರು ಅಂತ ಯಾರು ಜ್ಞಾಪ್ಕ ಇಟ್ಕೋತಾರೆ? ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ್ರೆ ಹೆಂಗಸ್ರೂ ಬರಕ್ಕಿಲ್ಲ. ಹಬ್ಬದ ವಾರ ಊರೇ ಖಾಲಿ. ಬಸ್ ಚಾರ್ಜು ಹೆಂಗಸ್ರಿಗೆ ಫ್ರೀ, ಗಂಡಸ್ರಿಗೆ ಇಲ್ಲ, ಅದನ್ನೂ ಬಜೆಟ್ಟಲ್ಲಿ ಬರ್ಕಳಿ.

ಪಿ_ವ್ಯಾಲ್ಯೂ_ಪುಟ್ಟ
ಸೀನ ಇವತ್ತು ಮೊದಲ ಸಲ ಉಪಯೋಗಕ್ಕೆ ಬರೋ ಮಾತಾಡಿದಾನೆ. ಶೇ 35 ಬಿಟ್ಟುಹೋಗ್ತಾರೆ ಅಂದ್ರೆ 64 ಭಾಗಿಸು 0.65, ಗುಂಪಿಗೆ 99. ಇಲ್ಲಾ 12 ಸೆಷನ್ ಬದಲು 6ರಿಂದ 8ಕ್ಕೆ ಇಳಿಸಿ, ಎರಡು ಸೆಷನ್ ಫೋನಲ್ಲಿ ಮಾಡ್ತೀವಿ ಅಂತ ಮೊದಲೇ ಪ್ರೊಟೋಕಾಲ್‌ನಲ್ಲಿ ಬರೀರಿ. ಬಿಟ್ಟುಹೋದೋರನ್ನ ವಿಶ್ಲೇಷಣೆಯಿಂದ ಕೈಬಿಡಬೇಡಿ. ಹಂಚಿದ ಗುಂಪಲ್ಲೇ ಇಟ್ಟು ಲೆಕ್ಕ ಮಾಡಬೇಕು. ಇಲ್ಲಾಂದ್ರೆ ಗುಣ ಆದೋರು ಮಾತ್ರ ಉಳಿದು ಸಿಬಿಟಿ ಪವಾಡದ ಥರ ಕಾಣುತ್ತೆ.

ಓಪಿಡಿ_ಬೆಂಚು
ಜಾಗಕ್ಕೆ ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಯೋಚನೆ ಮಾಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದ ಜೊತೆ ಮಾತಾಡಿ ಪತ್ರ ತಗೊಂಡ್ರೆ, ರೋಗಿಗಳು ಹೇಗೂ ಬರೋ ದಿನಕ್ಕೇ ಸೆಷನ್ ಜೋಡಿಸಬಹುದು.

ಪ್ರಶ್ನಾವಳಿ ವಿಷಯ. ಖಿನ್ನತೆ ಅಳೆಯೋ ಬಿಡಿಐ-2 ದುಡ್ಡು ಕೊಟ್ಟು ತಗೋಬೇಕು, ಜೆರಾಕ್ಸ್ ಮಾಡ್ಕೊಂಡು ಕೂರೋಹಾಗಿಲ್ಲ. ಅದನ್ನೇ ಅಳೆಯೋ 9 ಪ್ರಶ್ನೆಯ ಪಿಎಚ್‌ಕ್ಯೂ-9 ಉಚಿತ, ಕನ್ನಡದಲ್ಲೂ ಸಿಗುತ್ತೆ. ಓದೋಕೆ ಬರದೋರಿಗೆ ನೀವೇ ಓದಿ ಹೇಳಬೇಕು. ಆಗ 'ಹಲವು ದಿನಗಳು', 'ಅರ್ಧಕ್ಕಿಂತ ಹೆಚ್ಚು ದಿನಗಳು' ಅನ್ನೋ ಆಯ್ಕೆಗಳಿಗೆ ಬರೋ ಉತ್ತರ ಒಂದೇ, 'ಹೂಂ, ಆಯ್ತದೆ'. ನೀವು ಊಹೆ ಮಾಡಿ ಗುರುತು ಹಾಕಿದ್ರೆ ಅದು ನಿಮ್ಮ ಅಂಕ, ರೋಗಿಯದಲ್ಲ. 14 ಚೌಕದ ಒಂದು ಕಾರ್ಡ್ ಮುಂದಿಡಿ, ಎರಡು ವಾರದಲ್ಲಿ ಎಷ್ಟು ದಿನ ಅಂತ ಬೆರಳಿಟ್ಟು ತೋರಿಸಲಿ. ಎಲ್ಲರಿಗೂ ಒಂದೇ ಥರ ಮಾಡಿ, ಮಾಡಿದ್ದನ್ನ ಥೀಸಿಸ್‌ನಲ್ಲಿ ಬರೀರಿ.

ಇದಕ್ಕಿಂತ ಮುಖ್ಯ, ಅದರ 9ನೇ ಪ್ರಶ್ನೆ. ಸಾಯೋ ಯೋಚನೆ ಬಗ್ಗೆ. ಫಾರಂ ತುಂಬಿಸ್ಕೊಂಡು ಕವರಿಗೆ ಹಾಕಿ, ಎರಡು ತಿಂಗಳಾದ ಮೇಲೆ ಎಸ್‌ಪಿಎಸ್‌ಎಸ್‌ಗೆ (ಅಂಕಿಅಂಶದ ಸಾಫ್ಟ್‌ವೇರ್) ಏರಿಸುವಾಗ 9ರಲ್ಲಿ '3' ಇದೆ ಅಂತ ನೋಡೋದು, ಈ ಕ್ಷೇತ್ರದಲ್ಲಿ ಆಗಬಹುದಾದ ಅತಿ ಕೆಟ್ಟ ತಪ್ಪು. ರೋಗಿ ಕುರ್ಚಿಯಿಂದ ಏಳೋ ಮುಂಚೆ ಆ ಒಂದು ಸಾಲು ನೋಡಬೇಕು. 0 ಅಲ್ಲದೆ ಏನೇ ಇದ್ರೂ ಅಲ್ಲೇ ಕೂತು ಕೇಳಬೇಕು: ಯೋಚನೆ ಮಾತ್ರವಾ, ಹೆಂಗೆ ಅಂತಾನೂ ಯೋಚಿಸಿದಾರಾ, ಮನೇಲಿ ಕೀಟನಾಶಕ ಎಲ್ಲಿಟ್ಟಿದಾರೆ, ಬೀಗ ಇದೆಯಾ, ಕೀಲಿ ಯಾರ ಹತ್ರ. ಅವತ್ತೇ ಸೈಕಿಯಾಟ್ರಿಸ್ಟ್‌ಗೆ ತೋರಿಸಬೇಕು, ಮನೆಯವರಿಗೆ ತಿಳಿಸಬೇಕು, ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಡಬೇಕು. ರೈತ ಕುಟುಂಬ ಅಂತ ಟಾಪಿಕ್ ಇಟ್ಕೊಂಡಿದೀರಿ, ಈ ಪ್ರೊಟೋಕಾಲ್ ಇಲ್ಲದೆ ಯಾವ ಕಮಿಟಿನೂ ಸಹಿ ಹಾಕಬಾರದು.

ಪಟ್ಟಣದ_ಅಪ್ಪ
ನಡುವೆ ಬಂದಿದ್ದಕ್ಕೆ ಬೇಜಾರಾಗ್ಬೇಡಿ. ಮಗೂಗೆ ಬುದ್ಧಿಮಟ್ಟದ ಸರ್ಟಿಫಿಕೇಟ್‌ಗೆ ಎರಡು ಕಡೆ ಟೆಸ್ಟ್ ಆಯ್ತು. ಒಂದ್ಕಡೆ 68, ಇನ್ನೊಂದ್ಕಡೆ 74. ಯಾರನ್ನ ನಂಬೋದು?

ಓಪಿಡಿ_ಬೆಂಚು
ಅಣ್ಣ, ಎರಡು ಕಡೆ ಬರೆದಿರೋ ಹುಟ್ಟಿದ ತಾರೀಕು ಒಂದೇನಾ ನೋಡಿ. ಬಿನೆ-ಕಾಮತ್ ಪರೀಕ್ಷೆಯಲ್ಲಿ ಮಾನಸಿಕ ವಯಸ್ಸನ್ನ ನಿಜ ವಯಸ್ಸಿಂದ ಭಾಗಿಸಿ 100ರಿಂದ ಗುಣಿಸ್ತಾರೆ. 5 ವರ್ಷದ ಹಂತ ಪೂರ್ತಿ ಪಾಸಾದ್ರೆ 60 ತಿಂಗಳು. 6ರ ಹಂತದಲ್ಲಿ ಮೂರು ಅಂಶ ಬಂದ್ರೆ ತಲಾ 2 ತಿಂಗಳಂತೆ 6, 7ರಲ್ಲಿ ಒಂದು ಬಂದ್ರೆ 2. ಒಟ್ಟು 68 ತಿಂಗಳು. ಶಾಲೆ ದಾಖಲೆಯಲ್ಲಿ ಮಗು 8 ವರ್ಷ 4 ತಿಂಗಳು ಅಂದ್ರೆ 100 ತಿಂಗಳು, ಐಕ್ಯೂ 68. ಒಂದನೇ ಕ್ಲಾಸಿಗೆ ಬೇಗ ಸೇರಿಸೋಕೆ 8 ತಿಂಗಳು ಮುಂಚೆ ಬರೆಸಿದ್ರೆ ನಿಜ ವಯಸ್ಸು 92 ತಿಂಗಳು, ಐಕ್ಯೂ 74. ಮಗು ಅದೇ, ಉತ್ತರ ಅವೇ, ಆದರೆ ಬೌದ್ಧಿಕ ಅಂಗವೈಕಲ್ಯ ಅಂತ ಹಿಡಿಯೋ 70ರ ಗೆರೆಯ ಆಚೆ ಈಚೆ. ತಾಯಿ ಕಾರ್ಡ್ ಇಲ್ಲಾ ಜನನ ಪ್ರಮಾಣಪತ್ರ ತಗೊಂಡು ಹೋಗಿ. ಐಕ್ಯೂ ಒಂದರ ಮೇಲೇ ತೀರ್ಮಾನ ಆಗಬಾರದು, ದಿನದ ಕೆಲಸ ಎಷ್ಟು ತಾನೇ ಮಾಡ್ಕೊಳುತ್ತೆ ಅಂತ ವೈನ್‌ಲ್ಯಾಂಡ್ ಸ್ಕೇಲೂ ಹಾಕಿದಾರಾ ಕೇಳಿ.

ಹಳೇ_ಅಗ್ರಹಾರ
ಆ ಕಾಮತ್ ಪರೀಕ್ಷೆ 1930ರ ದಶಕದಲ್ಲಿ ಕನ್ನಡ, ಮರಾಠಿ ಮಾತಾಡೋ ಮಕ್ಕಳಿಗೆ ಅಂತಲೇ ಹೊಂದಿಸಿದ್ದು. ವೈನ್‌ಲ್ಯಾಂಡ್‌ನ 89 ಅಂಶದ ಭಾರತೀಯ ರೂಪ, 88 ಅಂಶದ ಡೆವಲಪ್‌ಮೆಂಟಲ್ ಸ್ಕ್ರೀನಿಂಗ್ ಟೆಸ್ಟ್, ಎರಡರ ಹಿಂದೆಯೂ ನಮ್ಮ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯ ಜೆ. ಭರತ್‌ರಾಜ್ ಹೆಸರಿದೆ. ಮಹಾರಾಜ ಕಾಲೇಜಲ್ಲಿ ಸೈಕಾಲಜಿ ವಿಭಾಗ 1924ರಲ್ಲೇ ಶುರುವಾಗಿತ್ತು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಹತ್ರ ಓದಿ ಬಂದವರು. 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದ ಆಕಾಶವಾಣಿ ಗೋಪಾಲಸ್ವಾಮಿ ಇವರೇ.

ಸಕ್ಕರೆನಾಡು_ಸೀನ
ಸೈಕಾಲಜಿ ಮೇಷ್ಟ್ರು ರೇಡಿಯೋ ಮಾಡಿದ್ರಾ! ಇದು ಗೊತ್ತಿರ್ಲಿಲ್ಲ.

ಪಿ_ವ್ಯಾಲ್ಯೂ_ಪುಟ್ಟ
ಹಳೇದು ಅನ್ನೋ ಹೆಮ್ಮೆ ಸರಿ ಸಾರ್, ಆದರೆ ಅಷ್ಟು ಹಳೇ ಮಾನದಂಡ ಇಟ್ಕೊಂಡು ಇವತ್ತಿನ ಮಕ್ಕಳನ್ನ ಅಳೆಯೋದು ದೊಡ್ಡ ಸಮಸ್ಯೆ. ಗಂಗೋತ್ರಿ ಮೇಡಂ, ಟಾಪಿಕ್ ಬದಲಿಸೋ ಮನಸ್ಸಿದ್ರೆ ಮಂಡ್ಯದ ಮಕ್ಕಳಿಗೆ ಯಾವುದಾದ್ರೂ ಒಂದು ಪರೀಕ್ಷೆಯ ಹೊಸ ಮಾನದಂಡ ಮಾಡಿ. ಸಿಟಿಆರ್‌ಐ ಬೇಡ, 960 ಸೆಷನ್ ಬೇಡ, ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಾದರಿ ಸಿಗುತ್ತೆ.

ಓಪಿಡಿ_ಬೆಂಚು
ಬೇಡ ಬೇಡ ಅಂತ ಸುಲಭ ಮಾಡಿಬಿಟ್ಟೆ. ಶಿಕ್ಷಣ ಇಲಾಖೆ ಅನುಮತಿ, ಪಾಲಕರ ಒಪ್ಪಿಗೆ, ಮಗುವಿನ ಸಮ್ಮತಿ, ಮೂಲ ಪ್ರಕಾಶಕರ ಲಿಖಿತ ಅನುಮತಿ, ಇಬ್ಬರು ಪರೀಕ್ಷಕರ ಅಂಕ ಎಷ್ಟು ಹೊಂದುತ್ತೆ ಅನ್ನೋ ಲೆಕ್ಕ, ಇವೆಲ್ಲ ಬೇಕು. ಆದರೂ ತರಬೇತಿ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗೆ ಸಿಬಿಟಿಗಿಂತ ಇದೇ ವಾಸಿ, ಯಾರ ಜೀವಕ್ಕೂ ಅಪಾಯ ಇಲ್ಲ.

ಗಂಗೋತ್ರಿ_ಕ್ಯಾಂಟೀನ್
ಎಲ್ಲರಿಗೂ ಥ್ಯಾಂಕ್ಸ್. ಮೊದಲು ಆರ್‌ಸಿಐ ಪಟ್ಟಿ ತೆಗೀತೀನಿ. ಮೈಸೂರಲ್ಲಿ ಸೀಟು ಸಿಗದೇ ಹೋದ್ರೆ ಧಾರವಾಡ, ಬೆಂಗಳೂರು ಅಂತ ಮನೇಲಿ ಜಗಳ ಆಡಬೇಕು. ಒಂದೇ ಡೌಟು: ಮುಂದೆ ಪಿಎಚ್‌ಡಿ ಮಾಡುವಾಗ ಗೈಡ್‌ಗೂ ಆರ್‌ಸಿಐ ನಂಬರ್ ಇರಲೇಬೇಕಾ?

ಮಿಡ್ಲ್_ಬೆಂಚ್
ಯುಜಿಸಿ ನಿಯಮದಲ್ಲಿ ಹಾಗಿಲ್ಲ. ಕಾಯಂ ಅಧ್ಯಾಪಕರಾಗಿರಬೇಕು, ಪಿಎಚ್‌ಡಿ ಇರಬೇಕು. ಪ್ರೊಫೆಸರ್, ಅಸೋಸಿಯೇಟ್‌ಗಳಿಗೆ 5 ಪ್ರಬಂಧ. ಅಸಿಸ್ಟೆಂಟ್ ಆದ್ರೆ 3 ಪ್ರಬಂಧ.

ಓಪಿಡಿ_ಬೆಂಚು
ನಿಯಮದಲ್ಲಿ ಇಲ್ಲದಿದ್ರೂ, ರೋಗಿಗಳ ಮೇಲೆ ಅಧ್ಯಯನ ಮಾಡೋದಾದ್ರೆ ಆಸ್ಪತ್ರೆಯಿಂದ ಒಬ್ಬರನ್ನ ಕೋ-ಗೈಡ್ ಮಾಡ್ಕೊಳಿ, ಸಿನಾಪ್ಸಿಸ್ ಹಂತದಲ್ಲೇ. ಡೇಟಾ ತೆಗೆಯೋಕೆ ಶುರುಮಾಡಿದ ಮೇಲೆ ಹೆಸರು ಸೇರಿಸೋಕೆ ಹೋದ್ರೆ ಫೈಲು ಎರಡು ಆಫೀಸಿನ ನಡುವೆ ಓಡಾಡ್ತಾನೇ ಇರುತ್ತೆ.